ಮರಮ್ಮನ ಬೆರಕೆ ಸೊಪ್ಪು

ಸೀಗೆಪುಡಿ ಹಾಕಿ ತಿಕ್ಕಿದ್ದಾಯಿತು, ಅರಿಶಿನ ಹಚ್ಚಿ ಉಜ್ಜಿದ್ದಾಯಿತು. ಅತ್ತೆಯ ಬಲಗೈ ಹೆಬ್ಬೆರಳ ಕರೆ ಮಾತ್ರ ಹೋಗಲಿಲ್ಲ. ಸೊಪ್ಪು ಚಿವುಟಿ ಚಿವುಟಿ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದ್ದ ಕಪ್ಪು ಅದು. ವಾಣಿಶ್ರೀ ಇನ್ನೊಂದು ಚೊಂಬು ನೀರು ಹುಯ್ದು ಮತ್ತೆ ತಿಕ್ಕಲು ಬಗ್ಗಿದಳು.

“ಬುಡವ್ವ, ಅದೆಲ್ಲಿ ಹೋದದು,” ಎಂದಳು ಹೆಣದ ಬೆನ್ನಿಗೆ ಆಸರೆ ಕೊಟ್ಟು ಕೂತಿದ್ದ ಪಕ್ಕದ ಮನೆಯ ದೇವೀರಮ್ಮ. “ಅರವತ್ತು ವರ್ಷದ್ದು. ನೀನು ಅಂಗೆ ತಿಕ್ಕುದ್ರೆ ಉಗುರು ಬತ್ತದೆ, ಕರೆ ಬರಾಕಿಲ್ಲ.”

ಸುತ್ತ ಸೀರೆ ಮರೆ ಹಿಡಿದು ನಿಂತಿದ್ದ ಹೆಂಗಸರು ಅಳುತ್ತಲೇ ಒಂದಿಷ್ಟು ನಕ್ಕರು. ಮರಮ್ಮನ ಸಾವು ಹಾಗಿತ್ತು, ಅಳುವುದಕ್ಕೂ ನಗುವುದಕ್ಕೂ ಜಾಗ ಬಿಟ್ಟಿತ್ತು. ಎಪ್ಪತ್ತೆಂಟು ವರ್ಷದ ಮುದುಕಿ ಹಿಂದಿನ ಸಂಜೆ ಹೊಲದಿಂದ ಬಂದು ಜಗುಲಿಯ ಮೇಲೆ ಕಾಲು ಚಾಚಿ ಕೂತು, “ಒಸಿ ನೀರು ಕೊಡವ್ವ” ಎಂದಿದ್ದಳು. ಸೊಸೆ ವಾಣಿಶ್ರೀ ನೀರು ತರುವಷ್ಟರಲ್ಲಿ ತಲೆ ಗೋಡೆಗೆ ಒರಗಿತ್ತು. ಯಾರ ಕೈಯಲ್ಲೂ ಒಂದು ದಿನ ಸೇವೆ ಮಾಡಿಸಿಕೊಳ್ಳದೆ ಹೋದವಳನ್ನು ಊರು ಪುಣ್ಯವಂತೆ ಎಂದಿತು.

ವಾಣಿಶ್ರೀಗೆ ಹಾಗೆ ಸಲೀಸಾಗಿ ಅಳಲು ಆಗುತ್ತಿರಲಿಲ್ಲ. ಹೊಟ್ಟೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ ಮಾತೊಂದು ರಾತ್ರಿಯೆಲ್ಲ ಅವಳನ್ನು ಮಲಗಲು ಬಿಟ್ಟಿರಲಿಲ್ಲ. ‘ನಾನಿರೋಗಂಟ ಬಾಯಿ ಬುಡಬ್ಯಾಡ’ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದ ಮಾತು. ಈಗ ಅತ್ತೆ ಇಲ್ಲ. ಆಣೆಯೂ ಇಲ್ಲ. ಹೇಳಬಹುದು, ಹೇಳದೆಯೂ ಇರಬಹುದು. ಕೇಳುವವರು ಯಾರೂ ಇಲ್ಲ ಎನ್ನುವುದೇ ಅವಳಿಗೆ ಹೆಚ್ಚು ಹೆದರಿಕೆಯಾಗಿತ್ತು.

ಮರಮ್ಮನಿಗೆ ಮದುವೆಯ ಹಸಿರು ಸೀರೆ ಉಡಿಸಿ, ಜಗುಲಿಯ ಮೇಲೆ ಕೂರಿಸಿ, ಚೆಂಡುಹೂವಿನ ಹಾರ ಹಾಕುವ ಹೊತ್ತಿಗೆ ಪಿರಿಯಾಪಟ್ಟಣದ ಕಡೆಯಿಂದ ಮಗಳು ಚಿಕ್ಕತಾಯಮ್ಮ ಬಂದಳು. ಕಾರಿನಿಂದ ಇಳಿದವಳು ಚಪ್ಪಲಿ ಎಲ್ಲೋ, ಸೆರಗು ಎಲ್ಲೋ ಎಂದು ಓಡಿ ಬಂದು ತಾಯಿಯ ಕಾಲು ತಬ್ಬಿಕೊಂಡಳು. ಹಿಂದೆಯೇ ಅವಳ ದೊಡ್ಡ ಮಗಳು ರಮ್ಯ. ಆ ಹುಡುಗಿ ಅಜ್ಜಿಯ ಮನೆಗೆ ಬಂದದ್ದನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಬಂದಾಗಲೂ ತಾಯಿ ಮಗಳಿಬ್ಬರೂ ಅನ್ನ ಮೊಸರು ಉಂಡು ಎದ್ದುಬಿಡುತ್ತಿದ್ದರು. ಈ ಮನೆಯ ಸೊಪ್ಪಿನ ಸಾರನ್ನು ಚಿಕ್ಕತಾಯಮ್ಮ ಮುಟ್ಟಿ ಇಪ್ಪತ್ನಾಲ್ಕು ವರ್ಷವಾಗಿತ್ತು.

ಅಂಗಳದ ಶಾಮಿಯಾನದ ಕೆಳಗೆ ಗಂಡಸರು ಕೂತಿದ್ದರು. ಹೊಲದ ಮೂಲೆಯಲ್ಲಿ ಗುಂಡಿ ತೆಗೆಯುವವರು ಇನ್ನೂ ಸೊಂಟದುದ್ದ ಇಳಿದಿಲ್ಲ ಎಂದು ಸುದ್ದಿ ಬಂದಿತ್ತು. ವಾಣಿಶ್ರೀಯ ಮಗ ಶರತ್ ಮೊಬೈಲು ಹಿಡಿದುಕೊಂಡು ಅಪ್ಪನ ಹತ್ತಿರ ಬಂದ.

“ಅಪ್ಪ, ಸರಗೂರಿಂದ ಫ್ಲೆಕ್ಸ್‌ನವ್ನು ಕೇಳ್ತಾವ್ನೆ. ಫೋಟೋ ಕಳ್ಸಿದ್ದೀನಿ. ಹೆಸ್ರು ಏನಂತ ಹಾಕ್ಸದು?”

“ಮರಮ್ಮ ಅಂತ ಹಾಕ್ಸಪ್ಪ, ಇನ್ನೇನು,” ಎಂದ ಸಣ್ಣಬೀರಯ್ಯ.

“ಊರಲ್ಲಿ ನಾಕು ಜನ ಮರಮ್ಮದೀರವ್ರೆ ಕಣ್ಲಾ,” ಎಂದು ಮಂಟಯ್ಯ ಬಾಯಿ ಹಾಕಿದ. ವಯಸ್ಸು ಎಪ್ಪತ್ತು, ಮರಮ್ಮನಿಗೆ ಮೈದುನನ ವರಸೆ, ಸುಮ್ಮನೆ ಕೂರುವ ಕಾಯಿಲೆ ಅವನಿಗೆ ಎಂದೂ ಬಂದಿರಲಿಲ್ಲ. “ಬಸ್‌ಸ್ಟ್ಯಾಂಡ್ ತಾವ ಫ್ಲೆಕ್ಸ್ ನೋಡ್ದೋರು ಯಾವ ಮರಮ್ಮ ಅಂತ ಕೇಳಾಕಿಲ್ವಾ? ಬದುಕಿರೋ ಮರಮ್ಮದೀರ ಮನೆಗೂ ಹಾರ ತಕ್ಕಂಡು ಬಂದಾರು! ಉಮ್ಮತ್ತಿ ಮರಮ್ಮ ಅಂತ ಹಾಕ್ಸು. ಸುತ್ತ ಹತ್ತಳ್ಳಿಗೂ ಗೊತ್ತಾಯ್ತದೆ.”

ಶಾಮಿಯಾನದ ಕೆಳಗೆ ನಗು ಹಬ್ಬಿತು. ಬೇರೆ ಊರಿನಿಂದ ಬಂದಿದ್ದ ನೆಂಟನೊಬ್ಬ, “ಉಮ್ಮತ್ತಿ ಯಾಕೆ?” ಎಂದು ಕೇಳಿದ. ಮಂಟಯ್ಯನಿಗೆ ಬೇಕಾಗಿದ್ದೂ ಅದೇ.

“ಆವತ್ತು ನಮ್ಮತ್ಗೆ ಹೊಲದಲ್ಲಿ ಕಳೆ ಕೀಳಾಕೆ ಒಂಬತ್ತಾಳು. ಮಧ್ಯಾನ್ನ ಮುದ್ದೆ, ಬೆರಕೆ ಸೊಪ್ಪಿನ ಸಾರು. ಉಂಡು ಒಸಿ ಹೊತ್ತಾಗಿಲ್ಲ, ನಾಲ್ಗೆ ಒಣಗಿ ಚಕ್ಕೆ ಆಗೋಯ್ತು. ಬೇಲಿ ಕಂಬ ಇತ್ತಲ್ಲ, ಅದು ನಂಗೆ ನಮ್ಮಾವ ಕಂಡಂಗೆ ಕಾಣ್ತದೆ! ‘ಯಾವಾಗ ಬಂದ್ರಿ ಮಾವ, ಕುಂತ್ಕಳಿ’ ಅಂತ ಕಂಬಕ್ಕೆ ಟವಲು ಹಾಸ್ಕೊಡ್ತಿವ್ನಿ. ಇವ್ನು ಸಣ್ಣಬೀರ ರಾಗಿ ಹೊಲ್ದಾಗೆ ನಿಂತ್ಕಂಡು ಗಾಳೀಲಿ ಹತ್ತಿ ಬಿಡಿಸ್ತಾವ್ನೆ. ಒಂದೊಂದೇ ಬಿಡಿಸಾದು, ಮಡ್ಲಿಗೆ ಹಾಕ್ಕಳಾದು! ಗಣಿಕೆ ಸೊಪ್ಪು ಅಂತ ಉಮ್ಮತ್ತಿ ಚಿಗುರ ಕುಯ್ದು ಬೇಸವ್ಳೆ ನಮ್ಮತ್ಗೆ!”

ಸಣ್ಣಬೀರಯ್ಯನೂ ಕಣ್ಣೊರೆಸಿಕೊಂಡು ನಕ್ಕ. ಇಷ್ಟು ವರ್ಷ ಹೇಳಿ ಹೇಳಿ ಆ ಕತೆ ನುಣ್ಣಗಾಗಿತ್ತು, ಅದರಲ್ಲಿ ಯಾರಿಗೂ ಕೇಡಿನ ಮನಸ್ಸಿರಲಿಲ್ಲ. ತಾಯಿಯ ಕಾಲ ಬಳಿ ಕೂತಿದ್ದ ಚಿಕ್ಕತಾಯಮ್ಮ ಒಬ್ಬಳು ನಗಲಿಲ್ಲ. ಹೊಸ್ತಿಲಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದ ವಾಣಿಶ್ರೀಯೂ ನಗಲಿಲ್ಲ. ಶರತ್ ಮೊಬೈಲಿನಲ್ಲಿ ಏನನ್ನೋ ಒತ್ತುತ್ತಿದ್ದ. ಆಳೆತ್ತರದ ಅಕ್ಷರದಲ್ಲಿ ಆ ಹೆಸರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದನ್ನು ಅವಳು ಕಣ್ಣೆದುರಿಗೇ ಕಂಡಳು.

*

ವಾಣಿಶ್ರೀ ಕೃಷ್ಣರಾಜನಗರದ ಹೊಸ ಅಗ್ರಹಾರದ ಕಡೆಯವಳು. ನಾಲೆ ನೀರಿನ ಊರು, ಭತ್ತ, ಕಬ್ಬು. ಅಲ್ಲಿ ಸೊಪ್ಪೆಂದರೆ ಸಂತೆಯಿಂದ ಕಟ್ಟಿನಲ್ಲಿ ಬರುವ ದಂಟು, ಮೆಂತ್ಯ, ಸಬ್ಬಸಿಗೆ. ಬದುವಿನ ಮೇಲೆ ಬೆಳೆದದ್ದೆಲ್ಲ ದನದ ಪಾಲು. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮಳೆ ನಂಬಿದ ಸೀಮೆಗೆ ಬಂದಾಗ, ಅತ್ತೆ ಮಡಿಲಿನಿಂದ ಮೊರಕ್ಕೆ ಸುರಿದ ರಾಶಿಯನ್ನು ನೋಡಿ, “ಇದ ಮನುಷ್ರು ತಿಂತಾರಾ?” ಎಂದು ಕೇಳಿಯೇಬಿಟ್ಟಿದ್ದಳು.

“ತಿಂತಾರಾ ಅಂತ ರಾತ್ರಿ ಉಂಡ್ಮೇಲೆ ಕೇಳು,” ಎಂದಿದ್ದಳು ಮರಮ್ಮ. ರಾತ್ರಿ ಸೊಸೆ ಎರಡನೇ ಮುದ್ದೆ ಮುರಿದಳೇ ಹೊರತು ಏನೂ ಕೇಳಲಿಲ್ಲ.

ಮರಮ್ಮನಿಗೆ ಕ್ಯಾಲೆಂಡರು ಬೇಕಿರಲಿಲ್ಲ. ಮೊದಲ ಮಳೆ ಬಿದ್ದು ವಾರಕ್ಕೆ ತಗಚೆ ಚಿಗುರು. ಶ್ರಾವಣಕ್ಕೆ ಅಣ್ಣೆ, ಕಿರಕೀರೆ, ಗಣಿಕೆ, ಕುಂಬಳದ ಕುಡಿ ಎಲ್ಲ ಸೇರಿದ ಬೆರಕೆ. ಅವರೆಕಾಯಿ ಬಂತೆಂದರೆ ಸೊಪ್ಪಿಗೆ ರಜ. ಬೇಸಿಗೆಯಲ್ಲಿ ಎಲ್ಲೆಲ್ಲೂ ಒಣಗಿದಾಗ ಹಳ್ಳದ ತೇವದಲ್ಲಿ ಹೊನಗೊನೆ. ಮಕ್ಕಳಿಗೆ ಕೆಮ್ಮೆಂದರೆ ಹಿತ್ತಲ ದೊಡ್ಡಪತ್ರೆಯನ್ನು ಕೆಂಡದ ಮೇಲೆ ಬಾಡಿಸಿ ಹಿಂಡುವಳು. ಊರಲ್ಲಿ ಹೆರಿಗೆಯಾದ ಮನೆಗೆಲ್ಲ ಬಾಣಂತಿಗೆ ಒಗ್ಗುವ ಸೊಪ್ಪು ಅವಳ ಮಡಿಲಿನಿಂದಲೇ ಹೋಗುತ್ತಿತ್ತು. ಆಗ ಅವಳ ಹೆಸರು ಸೊಪ್ಪಿನ ಮರಮ್ಮ.

ಆ ದಿನ ಒಂಬತ್ತಾಳಿನ ಜೊತೆ ಮರಮ್ಮನೂ ಕಳೆಗೆ ಇಳಿದಿದ್ದಳು. “ಇವತ್ತು ನೀನೇ ಕುಯ್ಕಂಡು ಬೇಸವ್ವ” ಎಂದು ಸೊಸೆಗೆ ಹೇಳಿದ್ದಳು. ವಾಣಿಶ್ರೀಗೆ ಹಿಗ್ಗೋ ಹಿಗ್ಗು. ಮೂರು ತಿಂಗಳಲ್ಲಿ ಐದಾರು ಸೊಪ್ಪಿನ ಗುರುತು ಹಿಡಿದಿದ್ದಳು. ತಿಪ್ಪೆಯ ಪಕ್ಕ ಎಳೆಯದಾಗಿ ಹುಲುಸಾಗಿ ಎದ್ದಿದ್ದ ಗಿಡಗಳನ್ನು ಕಂಡು, ಇಷ್ಟೊಂದು ಗಣಿಕೆ ಅತ್ತೆಯ ಕಣ್ಣಿಗೂ ಬಿದ್ದಿಲ್ಲವಲ್ಲ ಎಂದು ಎರಡು ಬೊಗಸೆ ಚಿವುಟಿಕೊಂಡಳು. ಮರಮ್ಮ ತಾನೇ ಸೋಸದೆ ಸೊಪ್ಪು ಒಲೆಗೆ ಹೋದದ್ದು ಅದೊಂದೇ ದಿನ.

ಬಡಿಸುವವರು ಕೊನೆಗೆ ಉಣ್ಣುವವರಾದ್ದರಿಂದ ಅತ್ತೆ ಸೊಸೆ ಇಬ್ಬರೂ ಬಚಾವಾದರು. ಐದು ತಿಂಗಳ ಬಸುರಿ ಚಿಕ್ಕತಾಯಮ್ಮ ನಾಲ್ಕು ದಿನಕ್ಕೆಂದು ತವರಿಗೆ ಬಂದಿದ್ದಳು. ಮನೆಯಲ್ಲೇ ಕೂತು ಎರಡೇ ತುತ್ತು ಉಂಡಿದ್ದಳು. ಅಷ್ಟಕ್ಕೇ ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕಿರುಚಲು ಶುರುಮಾಡಿದಳು. ಎಲ್ಲರನ್ನೂ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಸುದ್ದಿ ತಿಳಿದು ಚಿಕ್ಕತಾಯಮ್ಮನ ಅತ್ತೆಯೂ ಜೀಪು ಮಾಡಿಕೊಂಡು ಬಂದಿಳಿದಳು. ಡಾಕ್ಟರು ಉಳಿದ ಸೊಪ್ಪನ್ನು ಕೈಯಲ್ಲಿ ಹಿಡಿದು, “ಇದು ದತ್ತೂರಿ. ಕುಯ್ದವರು ಯಾರು?” ಎಂದು ಕೇಳಿದರು.

ವಾಣಿಶ್ರೀ ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಪಕ್ಕದಿಂದ, “ನಾನೇ ಸ್ವಾಮಿ. ಕಳೆಗೆ ಇಳಿಯಾಕೆ ಮುಂಚೆ ನಸುಕಲ್ಲೇ ಕುಯ್ದು ಮಡಗಿದ್ದೆ. ಕಣ್ಣು ಮಂಜಾಗದೆ,” ಎಂದು ಕೇಳಿಸಿತು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದ ಮರಮ್ಮ ಅದು.

ಎರಡು ದಿನಕ್ಕೆ ಎಲ್ಲರೂ ಗೆಲುವಾದರು. ಹೊಟ್ಟೆಯಲ್ಲಿದ್ದ ಮಗುವಿಗೂ ಏನೂ ಆಗಲಿಲ್ಲ. ಚಿಕ್ಕತಾಯಮ್ಮನ ಅತ್ತೆ ಮಾತ್ರ ಆಸ್ಪತ್ರೆಯ ಬಾಗಿಲಲ್ಲೇ ಹೇಳಿಬಿಟ್ಟಳು: “ಕಣ್ಣಿಲ್ಲದೋಳ ಮನೇಲಿ ನಮ್ಮ ಸೊಸೆ ಬಾಣಂತನ ಆಗಾದು ಬ್ಯಾಡ.”

*

ಮನೆಗೆ ಬಂದ ಮೇಲೆ ಮರಮ್ಮ ಸೊಸೆಯನ್ನು ತಿಪ್ಪೆಯ ಹತ್ತಿರ ಕರೆದುಕೊಂಡು ಹೋಗಿ, ಉಮ್ಮತ್ತಿಯ ಎಲೆಯೊಂದನ್ನು ಅಂಗೈಯಲ್ಲಿ ಹೊಸಕಿ ಮೂಗಿಗೆ ಹಿಡಿದಳು. ಕಟುವಾದ ಗಬ್ಬು ವಾಸನೆ. “ಕಣ್ಣು ಮೋಸ ಮಾಡ್ತದೆ, ಮೂಗು ಮಾಡಾಕಿಲ್ಲ. ತಿಳ್ಕ,” ಎಂದಳು. ಬೈಗುಳ ಅಷ್ಟೇ.

“ನಾನು ಹೇಳ್ಬುಡ್ತೀನಿ ಅತ್ತೆ,” ಎಂದು ವಾಣಿಶ್ರೀ ಬಿಕ್ಕಿದಳು. “ತಾಯಮ್ಮಂಗಾದ್ರೂ ಹೇಳ್ತೀನಿ.”

“ಹೇಳಿ? ತಾಯಿ ಮೇಲಿನ ಕ್ವಾಪ ಮಗಳಿಗೆ ಎಷ್ಟು ದಿನ ಇದ್ದಾತು? ಇವತ್ತಲ್ಲ ನಾಳೆ ಹೊಟ್ಟೇಗಾಕ್ಕತಾಳೆ. ನೀನು ಹೊರಗಿಂದ ಬಂದೋಳು. ಬಸುರಿಗೆ ವಿಷ ಇಕ್ಕಿದೋಳು ಅನ್ನಿಸ್ಕಂಡು ಈ ಮನೇಲಿ ಹೆಂಗೆ ಬಾಳೀಯೇ? ನಾನಿರೋಗಂಟ ಬಾಯಿ ಬುಡಬ್ಯಾಡ. ನನ್ ತಲೆ ಮೇಲೆ ಕೈ ಮಡಗು.”

ಮರಮ್ಮನ ಲೆಕ್ಕ ಅದೊಂದು ಕಡೆ ತಪ್ಪಿತು. ಇವತ್ತಲ್ಲ ನಾಳೆ ಎಂದ ಆ ನಾಳೆ ಬರಲೇ ಇಲ್ಲ. ರಮ್ಯ ಹುಟ್ಟಿದಾಗ ಅವಳು ಸಬ್ಬಸಿಗೆ, ನುಗ್ಗೆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಮೂರು ಬಸ್ಸು ಹತ್ತಿ ಇಳಿದು ಬೀಗರ ಮನೆಗೆ ಹೋದಳು. ಸಂಜೆ ಬರಿಗೈಯಲ್ಲಿ ಬಂದವಳನ್ನು ವಾಣಿಶ್ರೀ, “ತಾಯಮ್ಮ ಉಂಡ್ಲಾ ಅತ್ತೆ?” ಎಂದು ಕೇಳಿದಳು.

ಮರಮ್ಮ ಕಾಲು ತೊಳೆದುಕೊಳ್ಳುತ್ತ, “ಅವರ ಹಸ ಚೆನ್ನಾಗಿ ತಿಂತು ಕಣವ್ವ,” ಎಂದಳು.

ಆವತ್ತು ವಾಣಿಶ್ರೀ ಅತ್ತೆಯ ಕಾಲು ಹಿಡಿದು ಆಣೆ ಬಿಡಿಸು ಎಂದು ಅತ್ತಳು. ಮರಮ್ಮ ಬಿಡಿಸಲಿಲ್ಲ. ಬದಲಿಗೆ ಮಾರನೇ ದಿನದಿಂದ ಸೊಸೆಯನ್ನು ಹೊಲಕ್ಕೆ ಜೊತೆಯಲ್ಲೇ ಕರೆದುಕೊಂಡು ಹೋಗತೊಡಗಿದಳು. ಮಗಳಿಗೆ ಕಲಿಸಬೇಕಾದದ್ದನ್ನೆಲ್ಲ ಸೊಸೆಗೆ ಕಲಿಸಿದಳು. ಊರು ನಂಬಿಕೆ ಕಳೆದುಕೊಂಡು ದೂರ ನಿಂತದ್ದು ಒಂದೆರಡು ವರ್ಷ. ಆಮೇಲೆ ಕೆಮ್ಮು ಶೀತಕ್ಕೆ ಮತ್ತೆ ಅವಳ ಹಿತ್ತಲಿಗೇ ಬಂತು. ಹೆಸರು ಮಾತ್ರ ಉಮ್ಮತ್ತಿ ಮರಮ್ಮ ಎಂದೇ ನಿಂತುಹೋಯಿತು. ಹಾಗೆ ಕೂಗಿದರೆ ಅವಳು “ಏನ್ರಪ್ಪಾ” ಎಂದು ತಿರುಗಿಯೂ ನೋಡುತ್ತಿದ್ದಳು.

*

ಗುಂಡಿ ಆಯಿತೆಂದು ಹೇಳಿ ಕಳಿಸಿದರು. ತಮಟೆಯವರು ಬೆಂಕಿಗೆ ತಮಟೆ ಕಾಯಿಸಿದರು. ಎತ್ತುವ ಮೊದಲು ಮನೆಯವರು ಒಬ್ಬೊಬ್ಬರೇ ಬಾಯಿಗೆ ಅಕ್ಕಿಕಾಳು ಹಾಕಿ ನೀರು ಬಿಟ್ಟರು. ಮಗ ಹಾಕಿದ. ಮಗಳು ಹಾಕಿದಳು. ದೇವೀರಮ್ಮ ಸೊಸೆಯ ಕೈಗೆ ಅಕ್ಕಿ ಕೊಟ್ಟು, “ಏನಾರ ತಪ್ಪಾಗಿದ್ರೆ ಹೊಟ್ಟೇಗಾಕ್ಕ ಅಂತ ಕೇಳ್ಕಳವ್ವ,” ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು.

ವಾಣಿಶ್ರೀ ಅಕ್ಕಿಕಾಳು ಹಾಕಿ ನೀರು ಬಿಟ್ಟಳು.

“ನೀವಿರೋಗಂಟ ಬಾಯಿ ಬುಡಬ್ಯಾಡ ಅಂದ್ರಿ ಅತ್ತೆ. ಬುಡ್ನಿಲ್ಲ. ಈಗ ನೀವಿಲ್ಲ,” ಎಂದಳು. ಆಮೇಲೆ ಅಂಗಳದ ಕಡೆ ತಿರುಗಿದಳು. ಅಷ್ಟು ಜನರೆದುರು ಅವಳು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. “ಚಿಕ್ಕಮಾವ, ಆವತ್ತು ಉಮ್ಮತ್ತಿ ಕುಯ್ದೋಳು ನಮ್ಮತ್ತೆ ಅಲ್ಲ. ನಾನು. ತಿಪ್ಪೆ ತಾವ ನಾನೇ ಕುಯ್ದೆ, ನಾನೇ ಬೇಸ್ದೆ. ಅವ್ರು ನನ್ನ ಉಳ್ಸಕ್ಕೆ ಸುಳ್ಳೇಳುದ್ರು.”

ಮಂಟಯ್ಯ ಎದ್ದು ನಿಂತ. ಟವಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅತ್ತಿಗೆಯ ಹೆಣದ ಮುಂದೆ ಬಂದು ಕೈಮುಗಿದ. ಆ ಹೆಸರನ್ನು ಮೊದಲು ಕೂಗಿದವನು ಅವನೇ. ಆಮೇಲೆ, “ಶರತ,” ಎಂದು ಕರೆದ. “ಫ್ಲೆಕ್ಸ್‌ನೋನಿಗೆ ಫೋನ್ ಮಾಡ್ಲಾ. ಸೊಪ್ಪಿನ ಮರಮ್ಮ ಅಂತ ಹಾಕ್ಸು. ದಪ್ಪಕ್ಕೆ ಹಾಕ್ಸು.”

ವಾಣಿಶ್ರೀ ನೋಡುತ್ತಿದ್ದದ್ದು ಚಿಕ್ಕತಾಯಮ್ಮನನ್ನು. ಅವಳು ತಾಯಿಯ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು.

“ಮೂರು ಹೆತ್ತೆ,” ಎಂದಳು. ದನಿಯಲ್ಲಿ ಅಳುವೂ ಇರಲಿಲ್ಲ. “ಮೂರಕ್ಕೂ ತವರು ಬಾಣಂತನ ಇಲ್ಲ. ನಮ್ಮತ್ತೆ ಕೈಲಿ ಕಣ್ಣಿಲ್ಲದೋಳ ಮಗಳು ಅನ್ನಿಸ್ಕಂಡು ಅವರಿಕ್ಕಿದ್ದ ಉಂಡೆ. ನೀನು ಇಲ್ಲಿ ನಮ್ಮವ್ವನ ಪಕ್ಕದಲ್ಲೇ ಕುಂತ್ಕಂಡು ಸೊಪ್ಪು ಸೋಸಾದ ಕಲ್ತೆ. ಅಲ್ವೇನೇ ಅತ್ಗೆ?”

“ಹೂಂ ತಾಯಮ್ಮ,” ಎಂದಳು ವಾಣಿಶ್ರೀ.

ಚಿಕ್ಕತಾಯಮ್ಮ ತಾಯಿಯ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿದಳು. “ನಂಗೊಂದ್ ಮಾತು ಹೇಳ್ಬಾರ್ದಾಗಿತ್ತೇನವ್ವಾ! ನಂಗೊಬ್ಳಿಗೆ!” ಎಂದು ಕೂಗಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಜಗ್ಗಿ ಎದ್ದು ನಿಂತಿತು. ರಮ್ಯ ಬಂದು ಅಮ್ಮನನ್ನು ಬಿಡಿಸಿಕೊಂಡಳು. ತಮಟೆ ಶುರುವಾಯಿತು.

ಮಣ್ಣು ಮಾಡಿದ್ದು ಅವರದೇ ಹೊಲದ ಮೂಲೆಯಲ್ಲಿ. ಮೂರು ದಿನದ ಮಳೆಗೆ ನೆಲ ಹಸಿರಾಗಿತ್ತು, ಗುಂಡಿ ತೋಡಿದವರು ಅಣ್ಣೆ ಸೊಪ್ಪಿನ ಗಿಡಗಳನ್ನು ಬೇರು ಸಮೇತ ಬಗೆದು ರಾಶಿ ಹಾಕಿದ್ದರು. ಮಣ್ಣೆಳೆಯುವಾಗ ಆ ಗಿಡಗಳೂ ಮರಮ್ಮನ ಮೇಲೇ ಬಿದ್ದವು. ಹಿಂತಿರುಗುವಾಗ ಚಿಕ್ಕತಾಯಮ್ಮ ಮಗಳ ಭುಜ ಹಿಡಿದು ಮುಂದೆ ಮುಂದೆ ನಡೆದುಬಿಟ್ಟಳು. ಸಣ್ಣಬೀರಯ್ಯ ಹೆಂಡತಿಯ ಜೊತೆ ಹಿಂದೆ ಉಳಿದ.

“ನಂಗಾದ್ರೂ ಹೇಳ್ಬೋದಿತ್ತು,” ಎಂದ.

“ಆಣೆ ಹಾಕಿಸ್ಕಂಡಿದ್ರು.”

“ಅಂಗಾದ್ರೆ ಅಷ್ಟು ಜನದ್ ಮುಂದೆ ನನ್ ಕೈಲಿ ಗಾಳೀಲಿ ಹತ್ತಿ ಬಿಡಿಸಿಸ್ದೋಳು ನೀನೇ ಅನ್ನು,” ಎಂದು ಅವಳ ಕೈ ಹಿಡಿದು ಬದು ದಾಟಿಸಿದ. ಬೆಳಗಿನಿಂದ ಬಾರದ ಅಳು ಅವಳಿಗೆ ಆಗ ಬಂತು.

ಮನೆಯನ್ನು ಸಾರಿಸಿ ತೊಳೆದಿದ್ದರು. ಹಂಡೆ, ಗಡಿಗೆಗಳ ನೀರನ್ನೆಲ್ಲ ಚೆಲ್ಲಿ ಬೋರಲು ಹಾಕಿದ್ದರು. ಜನ ಕಾಲು ತೊಳೆದುಕೊಂಡು, ಮರಮ್ಮ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ದೇವೀರಮ್ಮನ ಮನೆಯಿಂದ ಬಂದ ಅನ್ನ ಸಾರು ಉಂಡು ಒಬ್ಬೊಬ್ಬರೇ ಹೊರಟರು. ಚಿಕ್ಕತಾಯಮ್ಮ ಎಲೆಯ ಮುಂದೆ ಕೂರಲೇ ಇಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ಕಾರಿನವನಿಗೆ ಫೋನ್ ಮಾಡು ಎಂದು ಮಗಳಿಗೆ ಹೇಳಿದಳು. ಹೋದರೆ ಇವಳು ಇನ್ನು ಈ ಮನೆಗೆ ಬರುವವಳಲ್ಲ ಎಂದು ವಾಣಿಶ್ರೀಗೆ ಅನ್ನಿಸಿತು. ತಡೆಯಲು ತನಗೆ ಯಾವ ಬಾಯಿ?

ಅಷ್ಟರಲ್ಲಿ ದೇವೀರಮ್ಮ ಬಚ್ಚಲ ಪಕ್ಕದಿಂದ ಒಂದು ಪುಟ್ಟಿ ಹಿಡಿದು ಬಂದಳು. ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. “ಇದೊಂದು ಮರ್ತೇ ಹೋಗಿತ್ತು ಕಣವ್ವ. ನೆನ್ನೆ ಜಗುಲಿ ಮೇಲೆ ಒರಗಿಕಂಡಾಗ ನಿಮ್ಮತ್ತೆ ಮಡ್ಲಲ್ಲಿತ್ತು. ನಾನೇ ತೆಗ್ದು ಮಡಗಿದ್ದೆ. ಸಾವಿನ ಮನೇದು, ಹಸುಗೆ ಹಾಕ್ಬುಡು.”

ವಾಣಿಶ್ರೀ ಪುಟ್ಟಿ ಎತ್ತಿಕೊಂಡು ಕೊಟ್ಟಿಗೆಯ ಕಡೆ ಹೊರಟಳು.

“ಹಸುಗ್ ಹಾಕ್ಬ್ಯಾಡ.”

ಚಿಕ್ಕತಾಯಮ್ಮ ಕಲ್ಲಿನಿಂದ ಎದ್ದಿದ್ದಳು. ಬಂದು ಪುಟ್ಟಿಯನ್ನು ಕಿತ್ತುಕೊಂಡಳು. ಗೋಡೆಗೆ ಒರಗಿಸಿದ್ದ ಮೊರವನ್ನು ತಂದು ನೆಲದ ಮೇಲಿಟ್ಟು ಸೊಪ್ಪನ್ನು ಸುರಿದು, ಅದರ ಮುಂದೆ ಕಾಲು ಚಾಚಿ ಕೂತಳು. ರಾಶಿಯಲ್ಲಿ ಕೈಯಾಡಿಸಿದಳು. ಐವತ್ತು ಹತ್ತಿರವಾಗುತ್ತಿದ್ದ ಹೆಂಗಸಿಗೆ ಅದರಲ್ಲಿ ಯಾವುದು ಯಾವುದೆಂದು ಒಂದೂ ಹೊಳೆಯಲಿಲ್ಲ.

“ನನ್ ಕ್ವಾಪ ಹೋಗಿಲ್ಲ,” ಎಂದಳು ತಲೆ ಎತ್ತದೆ. “ಹೋಯ್ತದೆ ಅಂತ್ಲೂ ಹೇಳಾಕಿಲ್ಲ. ಬಾ, ಕುಂತ್ಕ.”

ವಾಣಿಶ್ರೀ ಮೊರದ ಆಚೆ ಕೂತಳು. ಚಿಕ್ಕತಾಯಮ್ಮ ಒಂದು ಕುಡಿಯನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದಳು.

“ಇದು?”

“ಅಣ್ಣೆ.”

ಅದನ್ನು ಒಂದು ಕಡೆ ಇಟ್ಟು ಇನ್ನೊಂದನ್ನು ಎತ್ತಿದಳು. “ಇದು?”

“ಕಿರಕೀರೆ. ಬಲಿತಿರೋ ದಂಟು ಮುರ್ದಾಕು.”

ಚಿಕ್ಕತಾಯಮ್ಮ ದಂಟು ಮುರಿದು ಹಾಕಿದಳು. ಆಮೇಲೆ ಅಗಲ ಎಲೆಯ, ಎಳೆಯದಾದ ಒಂದು ಕುಡಿ ಅವಳ ಕೈಗೆ ಬಂತು.

“ಇದು?”

“ಗಣಿಕೆ,” ಎಂದಳು ವಾಣಿಶ್ರೀ. ಆವತ್ತು ಉಮ್ಮತ್ತಿ ಚಿವುಟುವಾಗಲೂ ಅವಳು ಇದೇ ಹೆಸರು ಅಂದುಕೊಂಡಿದ್ದಳು.

ಬಾಗಿಲಲ್ಲಿ ನಿಂತಿದ್ದ ರಮ್ಯ, “ಅಮ್ಮಾ,” ಎಂದು ಮೆಲ್ಲಗೆ ಕರೆದಳು. ಚಿಕ್ಕತಾಯಮ್ಮ ಎಲೆಯ ಕಡೆ ನೋಡಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತ ಆ ಹಸಿ ಎಲೆಯನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ನುಂಗಿದಳು. ಸೆರಗಿನಿಂದ ತುಟಿ ಒರೆಸಿಕೊಂಡು ಮೊರದಿಂದ ಇನ್ನೊಂದು ಎಲೆ ಎತ್ತಿದಳು.

“ಇದು?”